ಮೀನಿನ ತೊಟ್ಟಿಗೆ ಬಿಟ್ಟ ಗಣಪತಿ

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪ್ರತಿ ವರ್ಷ ಹಬ್ಬಕ್ಕೆ ಒಂದು ವಾರ ಮುಂಚೆ ನೀಲಿ ಟಾರ್ಪಾಲು ಕಟ್ಟಿ ಗಣಪತಿ ಮಾರುತ್ತಾರೆ. ಈ ಸಲ ಸ್ಕೂಲು ಮುಗಿಸಿಕೊಂಡು ಆ ಕಡೆ ಬರುವಾಗ ಸಣ್ಣಗೆ ಮಳೆ ಹಿಡಿಯಿತು. ಕೊಡೆ ಇರಲಿಲ್ಲ, ಟಾರ್ಪಾಲಿನ ಕೆಳಗೆ ಹೋಗಿ ನಿಂತೆ. ಹಿಂದೆ ಸಾಲಾಗಿ ಇನ್ನೂ ಒಣಗದ ಗಣಪತಿಗಳು. ಹಸಿ ಜೇಡಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಸನದ ಅಣ್ಣನ ಮನೆಯ ನಡುಮನೆ, ಅಲ್ಲಿನ ಮೀನಿನ ತೊಟ್ಟಿ, ಗಾಜಿನ ಹಿಂದೆ ಕರಗುತ್ತಿದ್ದ ಸೊಂಡಿಲು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದುಬಿಟ್ಟವು.

"ಯಾವ್ದು ಕೊಡ್ಲಿ ಮೇಡಮ್ಮೋರೆ? ಈ ಗೋಲ್ಡ್ ಕಿರೀಟದ್ದು ನೋಡಿ, ಎಲ್ಲಾರೂ ಇದ್ನೇ ತಗಂಡ್ ಓಯ್ತಾವ್ರೆ" ಎಂದ ಅಂಗಡಿಯವನು.

"ಬಣ್ಣ ಹಚ್ಚದೆ ಇರೋದು ಕೊಡಪ್ಪ."

"ಅದು ಬರೀ ಮಣ್ಣು ಕಣ್ ಮೇಡಮ್ಮೋರೆ, ನೋಡಕ್ಕೆ ಚೆಂದಾಗಿರಕಿಲ್ಲ."

ನನಗೆ ಮಣ್ಣೇ ಬೇಕಾಗಿತ್ತು. ಯಾಕೆ ಬೇಕು ಎಂದು ಹೇಳಹೊರಟರೆ ಅವನ ವ್ಯಾಪಾರ ಕೆಡುತ್ತಿತ್ತು, ನನ್ನ ಬಸ್ಸು ತಪ್ಪುತ್ತಿತ್ತು. ಅಲ್ಲದೆ ಅದು ನನಗೇ ಪೂರ್ತಿ ಅರ್ಥವಾಗದ ಕತೆ. ನಾನು ಲೆಕ್ಕದ ಮೇಡಂ. ಉತ್ತರ ಸರಿ ಇಲ್ಲವೇ ತಪ್ಪು, ಎರಡರಲ್ಲೊಂದು ಆಗಲೇಬೇಕು ಎಂದು ಬೋರ್ಡಿನ ಮುಂದೆ ನಿಂತು ಹೇಳುತ್ತಲೇ ತಲೆ ನರೆತಿದೆ. ಆ ಒಂದು ಮಳೆಗಾಲ ಮಾತ್ರ ಎರಡೂ ಆಗದೆ ಉಳಿದುಕೊಂಡಿತ್ತು.

ಕೊರೊನಾ ಗಲಾಟೆ ಮುಗಿದು ಜನ ಮಾಸ್ಕು ಬಿಟ್ಟಿದ್ದ ಕಾಲ. ನಮ್ಮಣ್ಣ ಶ್ರೀಧರ ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದ. ಆಷಾಢದ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದವನು ಹಿಡಿದ ಹಾಗೇ ಬಲಕ್ಕೆ ವಾಲಿದನಂತೆ. ಸ್ಟ್ರೋಕು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಜೀವಕ್ಕೆ ಅಪಾಯವಿರಲಿಲ್ಲ, ಕಾಲೆಳೆದುಕೊಂಡು ನಡೆಯುತ್ತಿದ್ದ, ಬಲಗೈ ಸ್ವಾಧೀನದಲ್ಲಿರಲಿಲ್ಲ. ಮಾತು ಹೋಗಿತ್ತು. ಪೂರ್ತಿ ಹೋಗಿದ್ದರೂ ಒಂದು ಲೆಕ್ಕಕ್ಕೆ ಸಿಗುತ್ತಿತ್ತೇನೋ. ಎರಡು ಮಾತು ಉಳಿದುಕೊಂಡಿದ್ದವು. ಒಂದು "ನಾಳೆ", ಇನ್ನೊಂದು "ಸರಿ ಬಿಡು". ಅನ್ನ ಬೇಕಾ ಅಂದರೆ "ನಾಳೆ". ಫ್ಯಾನು ಆರಿಸಲಾ ಅಂದರೆ "ಸರಿ ಬಿಡು". ನಾನು ಯಾರು ಹೇಳಣ್ಣ ಅಂದರೆ ಬಹಳ ಹೊತ್ತು ನನ್ನ ಮುಖ ನೋಡಿ, "ನಾಳೆ" ಎಂದ. ನಗಬೇಕೋ ಅಳಬೇಕೋ ತಿಳಿಯದೆ ಅಡುಗೆಮನೆಗೆ ಹೋಗಿ, ಆಗಲೇ ಕುದಿದಿದ್ದ ಸಾರಿಗೆ ಸುಮ್ಮನೆ ಸೌಟಾಡಿಸಿದೆ.

ಡಾಕ್ಟರು ಹೇಳಿದ್ದು ಇಷ್ಟು. ಮಾತು ಹೋಗಿದೆ ಅಂದ ಮಾತ್ರಕ್ಕೆ ತಿಳಿವಳಿಕೆ ಹೋಗಿದೆ ಅಂತಲ್ಲ, ಹೋಗಿಲ್ಲ ಅಂತಲೂ ಈಗಲೇ ಹೇಳುವುದಕ್ಕಾಗುವುದಿಲ್ಲ, ಕಾದು ನೋಡಿ. ಮೂಗು ಮುಟ್ಟಿ ಅಂದರೆ ಅಣ್ಣ ಒಮ್ಮೆ ಮೂಗು ಮುಟ್ಟುತ್ತಿದ್ದ, ಇನ್ನೊಮ್ಮೆ ಕಿವಿ ಮುಟ್ಟುತ್ತಿದ್ದ. ಇದರಲ್ಲಿ ನಾವು ಏನು ಕಾದು, ಏನು ನೋಡುವುದು? ಅತ್ತಿಗೆ ಲಲಿತಾಗೆ ಸರ್ಕಾರಿ ಕಚೇರಿಯ ಕೆಲಸ, ಇದ್ದಬದ್ದ ರಜೆಯೆಲ್ಲ ಆಸ್ಪತ್ರೆಯಲ್ಲೇ ತೀರಿತ್ತು. ಮಗಳು ಮೈಸೂರಿನಲ್ಲಿ ಓದುತ್ತಿದ್ದಳು. ನಾನು ಸಂಬಳವಿಲ್ಲದ ರಜೆ ಹಾಕಿ, "ಹೋಗಿ ಬಾ, ನನಗೆ ಉಪ್ಪಿಟ್ಟು ಮಾಡಕ್ಕೆ ಬರುತ್ತೆ" ಎಂದ ಗಂಡನನ್ನು ನಂಬಿ, ಒಂದು ಬ್ಯಾಗು ಹಿಡಿದು ಹಾಸನದ ಬಸ್ಸು ಹತ್ತಿದೆ.

ಅಣ್ಣನ ಜೊತೆ ನನ್ನ ಕೊರಳಿಗೆ ಬಿದ್ದದ್ದು ನಡುಮನೆಯ ಮೀನಿನ ತೊಟ್ಟಿ. ಎಲ್ಲರ ಮನೆಯಲ್ಲಿ ಕೆಂಪು ಮೀನು ಬಾಲ ಬಳುಕಿಸುತ್ತದಲ್ಲ, ಅಂಥದ್ದಲ್ಲ ಇದು. ಮಂಚದಷ್ಟು ಉದ್ದ, ಒಂದು ತುದಿಯಲ್ಲಿ ಎರಡು ಪಂಪು. ಅಲ್ಲಿಂದ ನುಗ್ಗುವ ನೀರು ಗುಂಡುಕಲ್ಲುಗಳ ಮೇಲೆ ಹಾಯ್ದು ಇನ್ನೊಂದು ತುದಿ ಮುಟ್ಟಿ, ಜಲ್ಲಿಯಡಿಯ ಪೈಪಿನಲ್ಲಿ ವಾಪಸು ಬರುತ್ತಿತ್ತು. ಮನೆಯೊಳಗೆ ಸದಾ ಹಳ್ಳ ಹರಿಯುವ ಸದ್ದು. ಅದರಲ್ಲಿದ್ದವು ಹಿಲ್‌ಸ್ಟ್ರೀಮ್ ಲೋಚ್ ಅನ್ನುವ ಚಪ್ಪಟೆ ಮೀನುಗಳು. ಹೆಬ್ಬೆರಳುದ್ದ, ಮೈಮೇಲೆಲ್ಲ ಕಪ್ಪು ಗೆರೆಗಳ ಬಲೆ. ಈಜುವುದು ಕಡಿಮೆ. ಹೊಟ್ಟೆಯನ್ನು ಕಲ್ಲಿಗೋ ಗಾಜಿಗೋ ಅಂಟಿಸಿಕೊಂಡು ಕೂತರೆ ಎಂಥ ರಭಸದ ನೀರಿಗೂ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಮೂಲ ಊರು ವಿಯೆಟ್ನಾಮಿನ ಬೆಟ್ಟದ ತೊರೆಗಳು, ಅಣ್ಣ ತಂದದ್ದು ಬೆಂಗಳೂರಿನ ಅಂಗಡಿಯಿಂದ. ನಮ್ಮ ಬಿಸಿಲೆ ಘಾಟಿನ ಹಳ್ಳಗಳಲ್ಲೂ ಇವುಗಳ ದಾಯಾದಿಗಳಿವೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ಹಾಸನದ ತಂಪು ಇವಕ್ಕೆ ಒಗ್ಗುತ್ತದೆ, ಸಾಕುವವರು ಇದ್ದಾರೆ, ಮರಿ ಮಾಡಿಸಿದವರು ಕಡಿಮೆ, ಒಂದು ಸಲ ನನ್ನ ತೊಟ್ಟಿಯಲ್ಲಿ ಮರಿ ಕಂಡರೆ ಸಾಕು ಎಂದು ವರ್ಷಗಟ್ಟಲೆ ಜಪಿಸಿದ್ದ. ನಾನು "ಹೂಂ, ಹೂಂ" ಅನ್ನುತ್ತ ಪೇಪರು ತಿದ್ದುತ್ತಿದ್ದೆ. ಅತ್ತಿಗೆಗಂತೂ ಅವು ಹಲ್ಲಿಗಳ ಹಾಗೇ ಕಾಣುತ್ತಿದ್ದವು. "ಗೋಡೆ ಮೇಲಿನ ಹಲ್ಲಿ ಸಾಲ್ದು ಅಂತ ನೀರಲ್ಲೂ ಹಲ್ಲಿ ಸಾಕಿದಾರೆ ನಿಮ್ಮಣ್ಣ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇವು ಮುಖ್ಯವಾಗಿ ಮೇಯುವುದು ಕಲ್ಲಿನ ಮೇಲಿನ ಪಾಚಿ. ಅದಕ್ಕೆ ಅಣ್ಣ ತಾರಸಿಯಲ್ಲಿ ಬಕೆಟ್ಟುಗಳಿಟ್ಟು, ಗುಂಡುಕಲ್ಲು ನೆನೆಹಾಕಿ, ಬಿಸಿಲಿಗೆ ಪಾಚಿ ಬೆಳೆಸುತ್ತಿದ್ದ. ಹಸಿರಾದ ಕಲ್ಲು ತೊಟ್ಟಿಗೆ, ಮೇದು ಬೋಳಾದ ಕಲ್ಲು ತಾರಸಿಗೆ. ನಾನು ಹೋದಾಗ ಶ್ರಾವಣದ ಜಡಿಮಳೆ, ಬಿಸಿಲಿನ ಮುಖವೇ ಇಲ್ಲ. ಇದ್ದ ಪಾಚಿಯ ಗತಿ ಏನಾಯಿತು ಅಂದರೆ, ಅತ್ತಿಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ತೊಳೆಯುವಾಗ ಬಕೆಟ್ಟಿನ ಕಲ್ಲುಗಳನ್ನೆಲ್ಲ ಹುಣಸೆಹಣ್ಣು ಹಾಕಿ, ದೇವರ ಸಾಮಾನು ಬೆಳಗಿದ ಹಾಗೆ ಬೆಳಗಿ ಇಟ್ಟಿದ್ದರು. ಪಾಪ, ಗಂಡನ ಕಲ್ಲುಗಳು ಗಲೀಜಾಗಿವೆ ಎಂದುಕೊಂಡಿದ್ದರು.

ನಾನು ಫೋನಿನಲ್ಲಿ ವಿಡಿಯೋ ನೋಡಲು ಕೂತೆ. ಒಬ್ಬ ನೀರು ದಿನಾ ಬದಲಿಸಿ ಅನ್ನುತ್ತಾನೆ, ಇನ್ನೊಬ್ಬ ಮುಟ್ಟಲೇಬೇಡಿ ಅನ್ನುತ್ತಾನೆ. ಒಬ್ಬ ಸೌತೆಕಾಯಿ ಹೋಳು ಹಾಕಿ ಅಂದ, ಹಾಕಿದೆ. ಮೀನು ತಿರುಗಿಯೂ ನೋಡಲಿಲ್ಲ, ಮರುದಿನ ತೊಟ್ಟಿಯೆಲ್ಲ ಕೊಳೆತ ಕೋಸಂಬರಿಯ ವಾಸನೆ. ಗಂಡು ಯಾವುದು ಹೆಣ್ಣು ಯಾವುದು ತಿಳಿಯಲಿಲ್ಲ. ಒಂದರ ಮೇಲೊಂದು ಹತ್ತಿಕೊಂಡು ಸುತ್ತುತ್ತಿದ್ದರೆ ಜಗಳವೋ ಸರಸವೋ ಗೊತ್ತಾಗಲಿಲ್ಲ. ಕೊನೆಗೆ ಜವರೇಗೌಡನಿಗೆ ಫೋನು ಮಾಡಿದೆ. ಅವನು ಮಲ್ಲಿಪಟ್ಟಣದವನು, ಹಾಸನದಲ್ಲಿ ಮೋಟರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಣ್ಣನ ತೊಟ್ಟಿಗೆ ಪಂಪು ಪೈಪು ಜೋಡಿಸಿಕೊಟ್ಟವನು ಅವನೇ, ಕರೆಂಟು ಹೋದರೂ ನೀರು ನಿಲ್ಲದಂತೆ ಬ್ಯಾಟರಿ ಕಟ್ಟಿದವನೂ ಅವನೇ.

ಬಂದು, ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಹಳ ಹೊತ್ತು ನೋಡಿ, "ಅಕ್ಕ, ನಂಗೆ ಮೋಟ್ರು ಗೊತ್ತು, ಮೀನು ಗೊತ್ತಿಲ್ಲ ಕಣಕ್ಕ" ಎಂದ. "ಮೇಷ್ಟ್ರು ಏಳ್ದಂಗೆ ಕಟ್ಕೊಟ್ಟಿವ್ನಿ, ಅಷ್ಟೇಯ. ಒಸಿ ಉಪ್ಪು ಆಕಿ ನೋಡಾನಾ?"

"ನೀನು ಉಪ್ಪಿನಕಾಯಿ ಹಾಕ್ತೀಯೇನೋ ಅವನ್ನ?" ಎಂದೆ.

ಇಷ್ಟೆಲ್ಲ ನಡೆಯುವಾಗ ಅಣ್ಣ ತೊಟ್ಟಿಯ ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಮೀನು ನೋಡುತ್ತಿದ್ದನೋ, ಗಾಜಿನಲ್ಲಿ ಕಾಣುವ ತನ್ನ ಮುಖ ನೋಡುತ್ತಿದ್ದನೋ, ಅದೂ ಗೊತ್ತಾಗುತ್ತಿರಲಿಲ್ಲ. "ಅಣ್ಣ, ಕಲ್ಲು ತಿರುಗಿಸಿ ಇಡ್ಲಾ?" ಅಂದರೆ "ಸರಿ ಬಿಡು". ಇವನ ಬಾಯಲ್ಲಿ ಸಾವಿರ ಮಾತಿದ್ದಾಗ ನಾನು ಕೇಳಿಸಿಕೊಳ್ಳಲಿಲ್ಲ, ಈಗ ಕೇಳಲು ಕೂತರೆ ಎರಡೇ ಉಳಿದಿವೆ.

ಭಾದ್ರಪದ ಹತ್ತಿರ ಬಂತು. ಒಂದು ದಿನ ತೊಟ್ಟಿಯ ಪಕ್ಕ ಚೆಲ್ಲಿದ ನೀರಲ್ಲಿ ಅತ್ತಿಗೆ ಜಾರಿ ಬಿದ್ದರು. ಮಂಡಿ ತರಚಿತು ಅಷ್ಟೇ, ಆದರೆ ಅಂದು ಅವರ ತಾಳ್ಮೆ ಮುಗಿಯಿತು. "ಇವತ್ತು ನಾನು ಬಿದ್ದೆ, ನಾಳೆ ಇವರು ಬಿದ್ರೆ? ನೀರು, ಕರೆಂಟು, ನಡುಮನೇಲಿ. ನೀನು ರಜೆ ಮುಗಿಸ್ಕೊಂಡು ಹೊರಡ್ತೀಯ ವಿಜಯಾ. ಆಮೇಲೆ ಈ ಹಲ್ಲಿಗಳಿಗೆ ಯಾರು ಬಾಣಂತನ ಮಾಡ್ತಾರೆ?" ಎಂದರು. ಅರಕಲಗೂಡಿನಲ್ಲಿ ಹೊಸದಾಗಿ ಬೇಕರಿ ತೆರೆಯುವ ದಂಪತಿ ಅತ್ತಿಗೆಯ ಆಫೀಸಿನವರೊಬ್ಬರ ಕಡೆಯಿಂದ ಬಂದು ತೊಟ್ಟಿ ನೋಡಿ ಹೋದರು. ಕೇಕುಗಳ ಪಕ್ಕ ಇಟ್ಟು ಗೋಲ್ಡ್‌ಫಿಶ್ ಬಿಡುತ್ತಾರಂತೆ. ಈ ಮೀನುಗಳನ್ನು ಯಾರಿಗಾದರೂ ಕೊಡಿ ಅಂದರು.

ಅತ್ತಿಗೆ ಅಣ್ಣನ ಮುಂದೆ ಕೂತು, ಮಗುವಿಗೆ ಹೇಳಿದ ಹಾಗೆ ಬಿಡಿಸಿ ಬಿಡಿಸಿ ಕೇಳಿದರು. "ತೊಟ್ಟಿ ಕೊಟ್ಬಿಡೋಣ್ವಾ?"

"ಸರಿ ಬಿಡು" ಎಂದ ಅಣ್ಣ.

"ನೋಡು, ಒಪ್ಕೊಂಡ್ರು" ಎಂದು ಅತ್ತಿಗೆ ನನ್ನ ಕಡೆ ತಿರುಗಿದರು.

"ಅತ್ತಿಗೆ, ಬೆಳಿಗ್ಗೆ ನಿಮ್ಮನ್ನ ಮಾರ್ಬಿಡಲಾ ಅಂತ ಕೇಳಿದ್ರೂ ಅವನು ಸರಿ ಬಿಡು ಅಂತಿದ್ದ" ಎಂದೆ. ತಮಾಷೆಗೆ ಆಡಿದ ಮಾತು ತಮಾಷೆಯಾಗಿ ಬರಲಿಲ್ಲ.

ಅತ್ತಿಗೆಯ ಕಣ್ಣು ತುಂಬಿತು. "ಹಾಗಾದ್ರೆ ಅವರಿಗೆ ತಿಳಿಯಲ್ಲ ಅಂತ ನೀನೇ ಹೇಳ್ದ ಹಾಗಾಯ್ತಲ್ಲ. ತಿಳಿಯೋದಾದ್ರೆ ಒಪ್ಪಿದಾರೆ, ತಿಳಿಯದೇ ಇದ್ರೆ ತೊಟ್ಟಿ ಇದ್ದರೇನು ಹೋದರೇನು?" ಎಂದರು.

ಎರಡು ದಾರಿಯಲ್ಲೂ ತೊಟ್ಟಿ ಹೋಗಲೇಬೇಕು. ನನಗೆ ತೊಟ್ಟಿಯ ಮೇಲೆ ವ್ಯಾಮೋಹವೇನಿರಲಿಲ್ಲ. ಅಣ್ಣ ಆ ಕುರ್ಚಿಯಲ್ಲಿ ನಿಜವಾಗಿ ಕೂತಿದ್ದಾನೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು. ಒಳಗೆ ಇದ್ದಾನೆ ಅಂದರೆ, ಬದುಕಿನಲ್ಲಿ ಹಚ್ಚಿಕೊಂಡ ಒಂದೇ ಒಂದನ್ನು ಅವನ ಕಣ್ಣೆದುರೇ ಹೊತ್ತುಕೊಂಡು ಹೋಗುವುದನ್ನು ನಾವು ತೋರಿಸಿದ ಹಾಗಾಗುತ್ತದೆ. ಹಬ್ಬ ಕಳೆದ ಮೇಲೆ ತೊಟ್ಟಿ ಕೊಡುವುದು ಎಂದು ತೀರ್ಮಾನವಾಯಿತು.

ಗಣಪತಿ ತರಲು ಅಣ್ಣನನ್ನೂ ಆಟೋದಲ್ಲಿ ಕರೆದುಕೊಂಡು ಮಾರ್ಕೆಟ್ಟಿಗೆ ಹೋದೆವು. ಮನೆಯ ಗಂಡಸು ಮುಟ್ಟಿ ತರಬೇಕು ಅನ್ನುವುದು ಅತ್ತಿಗೆಯ ಆಸೆ. ಅವರು ಕೆಂಪು ಪಂಚೆ, ಬಂಗಾರದ ಕಿರೀಟದ್ದೊಂದು ಆರಿಸಿದರು. ಅಣ್ಣ ಎಡಗೈಯಿಂದ ಅದನ್ನು ತಳ್ಳಿದ. ಇನ್ನೊಂದು ತೋರಿಸಿದರು, ಅದನ್ನೂ ತಳ್ಳಿದ. ಮೂರನೆಯದು ಉರುಳಿ ಕಿವಿ ಮುರಿಯಿತು. ಅಂಗಡಿಯವಳು "ಸಾಮೇರ್ನ ಒಸಿ ಹಿಡ್ಕಳಿ ಕಣ್ರವ್ವ" ಎಂದಳು. ಸುತ್ತ ಜನ ನೋಡತೊಡಗಿದರು. ಅಣ್ಣ ಹಲಗೆಯ ಹಿಂದೆ ಬಗ್ಗಿ, ಬಣ್ಣ ಕಾಣದ, ಕಣ್ಣು ಬರೆಯದ, ಇನ್ನೂ ಹಸಿಯಾಗಿದ್ದ ಗೇಣುದ್ದದ ಗಣಪತಿಯೊಂದನ್ನು ಎದೆಗೆ ಒತ್ತಿ ಹಿಡಿದ, ಬಿಡಲಿಲ್ಲ. ಶರ್ಟೆಲ್ಲ ಮಣ್ಣು. ವಾಪಸು ಬರುವಾಗ ಅತ್ತಿಗೆ ಆಟೋದಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾನು ಹೊರಗೆ ನೋಡುತ್ತ ಕೂತೆ.

ಹಬ್ಬದ ದಿನ ಪುರೋಹಿತರು ಬಂದು ಪೂಜೆ ಮಾಡಿಸಿ ಹೋದರು. ಅಣ್ಣ ಮಣೆಯ ಮೇಲೆ ಕೂತಿದ್ದ. ಅಕ್ಷತೆಯನ್ನು ಎಡಗೈಯಲ್ಲಿ ಹಾಕಿದಾಗ ಅತ್ತಿಗೆ ಮುಖ ತಿರುಗಿಸಿದರು. ಸಂಜೆ ವಿಸರ್ಜನೆ. ನಮ್ಮ ಹುಟ್ಟೂರು ಹೊಳೆನರಸೀಪುರ. ಅಣ್ಣ ಎಷ್ಟೇ ಕೆಲಸವಿದ್ದರೂ ಪ್ರತಿ ವರ್ಷ ಗಣಪತಿಯನ್ನು ಅಲ್ಲಿಗೇ ಒಯ್ದು ಹೇಮಾವತಿಗೆ ಬಿಟ್ಟು ಬರುತ್ತಿದ್ದ. ಆ ವರ್ಷ ಡ್ಯಾಮಿನಿಂದ ನೀರು ಬಿಟ್ಟು ಹೊಳೆ ತುಂಬಿತ್ತು, ಸೋಪಾನಕ್ಕೆ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಇವನನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುವುದು ಆಗದ ಮಾತು.

"ಹರಿಯೋ ನೀರಲ್ಲೇ ಬಿಡ್ಬೇಕು ಅಂತಿದ್ರು ಅತ್ತೆ" ಎಂದರು ಅತ್ತಿಗೆ. ತೀರಿಹೋದ ನಮ್ಮಮ್ಮನ ಮಾತು ಅದು.

"ಏನ್ಮಾಡಕ್ಕಾಗುತ್ತೆ ಅತ್ತಿಗೆ, ಈ ವರ್ಷ ಬಕೆಟ್ಟೇ ಹೇಮಾವತಿ" ಎಂದೆ. ಅಣ್ಣ ಅಲ್ಲೇ ಕೂತಿದ್ದ. ಅವನ ಮುಂದೆಯೇ, ಅವನು ಇಲ್ಲವೇನೋ ಅನ್ನುವಂತೆ ಮಾತಾಡುವುದು ಆ ಹೊತ್ತಿಗೆ ನಮಗೆ ಅಭ್ಯಾಸವಾಗಿತ್ತು.

ಇಬ್ಬರೂ ಹಿತ್ತಲಿಗೆ ಹೋಗಿ ಹೊಸ ಬಕೆಟ್ಟು ತೊಳೆದು, ಅರಿಶಿನ ಕುಂಕುಮ ಹಚ್ಚಿ ಒಳಗೆ ಬಂದರೆ ಮಂಟಪ ಖಾಲಿ. ಅಣ್ಣ ತೊಟ್ಟಿಯ ಮುಂದೆ ನಿಂತಿದ್ದಾನೆ. ಎಡಗೈ ಮೊಣಕೈವರೆಗೆ ನೀರಲ್ಲಿ. ಗಣಪತಿ ಪಂಪಿನ ಎದುರು, ಗುಂಡುಕಲ್ಲುಗಳ ನಡುವೆ ನೆಟ್ಟಗೆ ಕೂತಿದೆ. ನೀರಿನ ರಭಸಕ್ಕೆ ಆಗಲೇ ಸೊಂಡಿಲು ಕರಗಿ ಕೆಂಪು ಮಣ್ಣಿನ ಹೊಗೆ ತೊಟ್ಟಿಯುದ್ದಕ್ಕೂ ಹರಡುತ್ತಿತ್ತು. ಗಣಪತಿಯ ಪಕ್ಕದಲ್ಲಿ ನೈವೇದ್ಯದ ಎರಡು ಕಡುಬು. ಒಂದು ಬಾಳೆಲೆಯ ತುಂಡು ತೇಲಿಹೋಗಿ ಆ ತುದಿಯ ಪೈಪಿನ ಬಾಯಿಗೆ ಸಿಕ್ಕಿ ಪಟಪಟ ಅನ್ನುತ್ತಿತ್ತು.

ಅತ್ತಿಗೆ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ನೆಲದ ಮೇಲೇ ಕೂತರು. "ಮುಗೀತು ವಿಜಯಾ. ಮೀನಿಗೆ ಕಡುಬು ಹಾಕಿದಾರೆ ನೋಡು. ಇವರಿಗೆ ಏನೂ ತಿಳಿಯಲ್ಲ" ಎಂದರು.

ಅಣ್ಣ ನಮ್ಮಿಬ್ಬರನ್ನೂ ನೋಡಿ, "ನಾಳೆ" ಎಂದ. ಬಹಳ ಗಂಭೀರವಾಗಿ ಎಂದ.

ನಾನು ಕಡುಬು ಎತ್ತಿದೆ, ಎಲೆ ಎತ್ತಿದೆ. ಗಣಪತಿಯನ್ನೂ ಎತ್ತಹೋದರೆ ಅಣ್ಣ ನನ್ನ ಕೈ ತಳ್ಳಿದ. ಅರ್ಧ ಕರಗಿದ ದೇವರನ್ನು ಎತ್ತಬಹುದೋ ಬಾರದೋ ನನಗೂ ಧೈರ್ಯವಾಗಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ತೊಟ್ಟಿ ಅನ್ನುವುದು ಮಳೆಗಾಲದ ಹೊಳೆಯ ಬಣ್ಣಕ್ಕೆ ತಿರುಗಿತ್ತು, ಒಳಗೆ ಏನೂ ಕಾಣದು. ಒಮ್ಮೊಮ್ಮೆ ಎರಡು ಮೀನು ಗಾಜಿನ ಹತ್ತಿರ ಬಂದು, ಒಂದಕ್ಕೊಂದು ತಾಗಿಕೊಂಡು, ಜಲ್ಲಿಯ ಮೇಲೆ ಹುಚ್ಚು ಹಿಡಿದ ಹಾಗೆ ಒದ್ದಾಡಿ ಮತ್ತೆ ಕೆಂಪಿನಲ್ಲಿ ಮಾಯವಾಗುತ್ತಿದ್ದವು. ಸಾಯುತ್ತಿವೆ ಎಂದುಕೊಂಡೆ. ಜವರೇಗೌಡ ಓಡಿಬಂದ. ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಅವನು ಅರ್ಧ ತೊಟ್ಟಿ ಖಾಲಿ ಮಾಡಿ, ತಾರಸಿಯ ಡ್ರಮ್ಮಿನಲ್ಲಿ ತುಂಬಿದ್ದ ತಣ್ಣನೆ ಮಳೆನೀರು ತಂದು ಸುರಿದ. "ಬದುಕಿದ್ರೆ ಬದುಕ್ಲಿ, ಇಲ್ದಿದ್ರೆ ಗಣಪ್ಪನ್ ಜೊತೆ ಓದ್ವು ಅಂತ ತಿಳ್ಕಳಾನ ಕಣಕ್ಕ" ಎಂದ. ನೀರು ತಿಳಿಯಾದಾಗ ಮೀನುಗಳೆಲ್ಲ ಬದುಕಿದ್ದವು. ಯಾಕೆ ಬದುಕಿದವು, ಅದೂ ಗೊತ್ತಾಗಲಿಲ್ಲ.

ಬೇಕರಿಯವರು ಹಬ್ಬವಾದ ಕೂಡಲೇ ಬರುವವರು ಬರಲಿಲ್ಲ. ಪಿತೃಪಕ್ಷ ಹತ್ತಿರ ಬಂತು, ಹೊಸ ಸಾಮಾನು ಈಗ ಮನೆ ತುಂಬಿಸಿಕೊಳ್ಳುವುದಿಲ್ಲ, ಮಹಾಲಯ ಅಮಾವಾಸ್ಯೆ ಕಳೀಲಿ ಅಂದರು. ಹೀಗಾಗಿ ತೊಟ್ಟಿ ಉಳಿಯಿತು. ಅಮಾವಾಸ್ಯೆ ಕಳೆದ ಮೇಲೆ ವ್ಯಾನು ತಂದರು. ಜವರೇಗೌಡ ಮೀನಿಗೆ ಒಂದು ಬಕೆಟ್ಟು ಇಟ್ಟುಕೊಂಡು ಪಂಪು ನಿಲ್ಲಿಸಿದ. ಅಷ್ಟು ವರ್ಷದ ಸದ್ದು ನಿಂತಾಗ ಮನೆ ಭಣಗುಟ್ಟಿತು. ಅಣ್ಣ ಕುರ್ಚಿಯ ಕೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದ. ಜವರೇಗೌಡ ತೋಳೇರಿಸಿ ಒಂದು ದೊಡ್ಡ ಕಲ್ಲು ಎತ್ತಲು ಹೋದವನು ಹಾಗೇ ನಿಂತ.

"ಅಕ್ಕ, ಬಾ ಇಲ್ಲಿ. ಈ ಕಲ್ಗೆ ಕಣ್ ಬಂದವೆ."

ಬಗ್ಗಿ ನೋಡಿದೆ. ಕಲ್ಲಿನ ಮಗ್ಗುಲಲ್ಲಿ, ಉಗುರಿನ ಚೂರಿನಷ್ಟು ಸಣ್ಣ, ಒಳಗಿನದು ಕಾಣುವಷ್ಟು ತೆಳು ಜೀವಗಳು. ಪ್ರತಿಯೊಂದಕ್ಕೂ ಎರಡು ಕರೀ ಚುಕ್ಕೆ. ಬೆರಳು ತಂದರೆ ಸರಕ್ಕನೆ ಸರಿದು ಮತ್ತೆ ಕಲ್ಲಿಗೆ ಅಂಟಿಕೊಂಡವು.

"ಗೌಡ, ಮೊದಲು ಪಂಪು ಹಾಕೋ" ಎಂದು ಕಿರುಚಿದವರು ಅತ್ತಿಗೆ.

ಅಣ್ಣ ಎದ್ದು ಬಂದ. ಗಾಜಿಗೆ ಹಣೆ ಒತ್ತಿ ನಿಂತ. ತುಟಿ ಅಲ್ಲಾಡಿತು, ಕೊರಳ ನರ ಉಬ್ಬಿತು, ಏನೋ ಬಂತು, ಬರಲಿಲ್ಲ. ಆಮೇಲೆ "ಮ" ಎಂದ. ಮತ್ತೆ "ಮ" ಎಂದ. ಅದು ಮರಿ ಅನ್ನುವುದರ ಮ ಎಂದು ನಾನು. ಸುಮ್ಮನೆ ನರಳಿದ್ದೂ ಇರಬಹುದು ಎಂದು ಫೋನಿನಲ್ಲಿ ಡಾಕ್ಟರು. ಅತ್ತಿಗೆ ಯಾರ ಮಾತಿಗೂ ಕಾಯದೆ ಬೇಕರಿಯವರಿಗೆ ಕಾಫಿ ಕೊಟ್ಟು, ಕೈ ಮುಗಿದು, ತೊಟ್ಟಿ ಕೊಡುವುದಿಲ್ಲ ಎಂದು ಕಳಿಸಿಬಿಟ್ಟರು.

ಅವತ್ತು ಜವರೇಗೌಡ ಕಾಫಿ ಕುಡಿಯುತ್ತ ಹೇಳಿದ: "ಮೇಷ್ಟ್ರು ಮುಂಚೆ ಏಳೋರು, ಒಸನೀರು ಬರದಂಗೆ ಇವು ಮರಿ ಮಾಡಲ್ಲ ಕಣೋ ಗೌಡ ಅಂತ. ನಾನು ಫಿಲ್ಟ್ರು ಚೇಂಜ್ ಮಾಡು ಅಂತಾವ್ರೆ ಅಂದ್ಕಂಡೆ." ಹೊಸನೀರು ಅಂದರೆ, ಬೆಟ್ಟದಲ್ಲಿ ಮೊದಲ ಮಳೆಗೆ ಹಳ್ಳ ಕೆಂಪಗೆ ತಣ್ಣಗೆ ನುಗ್ಗಿ ಬರುವುದು, ಆಗ ಈ ಮೀನು ಮೊಟ್ಟೆ ಇಡುತ್ತವಂತೆ. ಅದನ್ನು ಕೇಳಿದ್ದೇ ನನ್ನ ತಲೆಯೊಳಗೆ ದೀಪ ಹೊತ್ತಿತು. ಮಾರ್ಕೆಟ್ಟಿನಲ್ಲಿ ಬಣ್ಣದ ಗಣಪತಿಗಳನ್ನೆಲ್ಲ ತಳ್ಳಿದ್ದು ಯಾಕೆ? ಬಣ್ಣ ಕರಗಿದರೆ ಮೀನು ಸಾಯುತ್ತವೆ. ಬರೀ ಮಣ್ಣಿನದನ್ನು ಎದೆಗೊತ್ತಿಕೊಂಡದ್ದು ಯಾಕೆ? ತೊಟ್ಟಿಯಲ್ಲಿ ಪ್ರವಾಹ ಬರಿಸಲು. ಅಣ್ಣ ಎಲ್ಲವನ್ನೂ ಮೊದಲೇ ಯೋಚಿಸಿ ಮಾಡಿದ್ದಾನೆ. ಅವನ ಬುದ್ಧಿ ಒಂದು ಕೂದಲೂ ಕೊಂಕಿಲ್ಲ. ಇದನ್ನು ನಾನು ಬಂದವರಿಗೆಲ್ಲ ಪ್ರಮೇಯ ಬಿಡಿಸಿದ ಹಾಗೆ ಬಿಡಿಸಿ ಹೇಳಿದೆ.

"ಹಾಗಾದ್ರೆ ಕಡುಬು?" ಎಂದು ಅತ್ತಿಗೆ ಕೇಳುತ್ತಿದ್ದರು.

ಇಷ್ಟೆಲ್ಲ ಲೆಕ್ಕ ಹಾಕಿದವನು ನೀರು ಕೆಡಿಸುವ ಕಡುಬು ಯಾಕೆ ಹಾಕಿದ? ಅದೊಂದು ಮೆಟ್ಟಿಲಲ್ಲಿ ನನ್ನ ಲೆಕ್ಕ ಮುಗ್ಗರಿಸುತ್ತಿತ್ತು. ಅತ್ತಿಗೆ ಎಲ್ಲ ಗಣಪತಿಯ ದಯೆ ಅಂದರು, ಜವರೇಗೌಡ ಮಳೆನೀರು ಸುರಿದವನು ನಾನು ಅಂದ.

ನಾನು ರಜೆ ಮುಗಿಸಿ ಚನ್ನರಾಯಪಟ್ಟಣಕ್ಕೆ ಬಂದೆ. ಅಣ್ಣನಿಗೆ ಮಾತು ಬಂತು, ಒಂದೇ ಸಲ ಅಲ್ಲ, ಒಂದೊಂದೇ. ಈಗಲೂ ತಡವರಿಸುತ್ತಾನೆ, ಕೆಲವು ಹೆಸರು ಸಿಗುವುದಿಲ್ಲ. ಆ ಮರಿಗಳು ದೊಡ್ಡವಾಗಿ ಅವಕ್ಕೂ ಮರಿಗಳಾದವು. ಆದರೆ ಆ ದಿನದ ವಿಷಯ ಮನೆಯಲ್ಲಿ ಯಾರೂ ಅವನನ್ನು ಕೇಳಲಿಲ್ಲ. ನೆನಪಿಲ್ಲ ಅಂದುಬಿಟ್ಟರೆ ಎಂದು ನನಗೆ ಭಯ. ಅತ್ತಿಗೆಗೂ ಅದೇ ಭಯವಿತ್ತು ಎಂದು ಕಾಣುತ್ತದೆ.

ಈ ಸಲ, ಬಣ್ಣವಿಲ್ಲದ ಗಣಪತಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಾಸನಕ್ಕೆ ಹೋಗುವಾಗ, ಕೇಳಿಯೇಬಿಡುವುದು ಎಂದುಕೊಂಡೆ. ಪೂಜೆ ಮುಗಿದು, ಸಂಜೆ ಹೊಳೆನರಸೀಪುರಕ್ಕೆ ಹೊರಡಲು ಕಾರಿಗೆ ಕಾಯುತ್ತಿದ್ದೆವು. ಅಣ್ಣ ಅದೇ ಬೆತ್ತದ ಕುರ್ಚಿಯಲ್ಲಿದ್ದ.

"ಅಣ್ಣ, ಆ ವರ್ಷ ಮಾರ್ಕೆಟ್ಟಲ್ಲಿ ಬಣ್ಣದ ಗಣಪತಿ ಬೇಡ ಅಂತ ತಳ್ಳಿದೆಯಲ್ಲ, ಮೀನಿಗೋಸ್ಕರ ತಾನೆ?" ಎಂದೆ.

ಅಣ್ಣ ಹುಬ್ಬು ಗಂಟಿಕ್ಕಿದ. "ಮಾರ್ಕೆಟ್ಟಾ? ನಾನು... ಬಂದಿದ್ನಾ? ನೆನಪಿಲ್ಲ ಕಣೆ."

ನನ್ನ ಪ್ರಮೇಯ ಕುಸಿದು ಬಿತ್ತು. ಅಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದದ್ದು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. "ತೊಟ್ಟಿಗೆ ಗಣಪತಿ ಬಿಟ್ಟಿದ್ದಾದ್ರೂ ನೆನಪಿದ್ಯಾ?" ಎಂದೆ.

"ಅದು ನೆನಪಿದೆ" ಎಂದ ಅಣ್ಣ. "ನೀವಿಬ್ರೂ ಮಾತಾಡ್ಕೊಳ್ತಿದ್ರಿ. ಹೊಳೆಗೆ ಹೋಗಕ್ಕಾಗಲ್ಲ, ಬಕೆಟ್ಟಲ್ಲಿ ಬಿಡೋಣ ಅಂತ. ನಿಂತ ನೀರಲ್ಲಿ ಯಾಕೆ... ಹರಿಯೋ ನೀರು ಮನೇಲೇ ಇತ್ತಲ್ಲ. ಹೇಳೋಣ ಅಂದ್ರೆ ಬಾಯಿಗೆ ಬೇರೇನೋ ಬರೋದು. ಮೀನು ಸತ್ತುಹೋಗ್ತವೆ ಅಂತ ಗೊತ್ತಿತ್ತು. ಹೇಗೂ ತೊಟ್ಟಿ ಕೊಟ್ಬಿಡ್ತೀರಲ್ಲ ಅಂತ ಬಿಟ್ಟೆ."

ಅತ್ತಿಗೆ ಸೆರಗಿನ ತುದಿ ಹಿಡಿದುಕೊಂಡರು. ನಾವಾಡಿದ ಒಂದೊಂದು ಮಾತೂ ಅವನಿಗೆ ಕೇಳಿಸಿತ್ತು. ಆ ಮಳೆಗಾಲವೆಲ್ಲ ಕುರ್ಚಿಯಲ್ಲಿ ಅವನು ಕೂತೇ ಇದ್ದ.

"ಮತ್ತೆ ಕಡುಬು ಯಾಕಣ್ಣ?" ಎಂದು ನನ್ನ ಬಾಯಿಂದ ತಾನಾಗಿ ಬಂತು.

ಅಣ್ಣ ನನ್ನನ್ನು, ಏನೂ ಬರದ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದ. "ದಾರಿಗೆ ಬುತ್ತಿ ಕಣೆ. ಅಮ್ಮ ಗಣಪತೀನ ಒಂದು ಸಲಾನಾದ್ರೂ ಬರಿಗೈಲಿ ಕಳಿಸಿದ್ಲಾ?"

ಆಗ ನೆನಪಾಯಿತು. ಹೊಳೆನರಸೀಪುರದ ಸೋಪಾನ, ಒದ್ದೆ ಸೀರೆಯ ಅಮ್ಮ, ಬಾಳೆಲೆಯಲ್ಲಿ ಎರಡು ಕಡುಬಿಟ್ಟು ನಾರಿನಿಂದ ಕಟ್ಟಿದ ಪುಟ್ಟ ಗಂಟು. ಗಣಪತಿಯ ಮಡಿಲಿಗೆ ಅದನ್ನಿಟ್ಟು ನೀರಿಗೆ ಬಿಡುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಕಟ್ಟಿರಲಿಲ್ಲ. ನಾನಂತೂ ಮರೆತೇಹೋಗಿದ್ದೆ.

"ಎಲೆ ಸುತ್ತಿದ್ದೆ" ಎಂದ ಅಣ್ಣ, ತನ್ನ ಬಲಗೈಯನ್ನು ನೋಡಿಕೊಳ್ಳುತ್ತ. "ಒಂದು ಕೈಯಲ್ಲಿ ಗಂಟು ಹಾಕಕ್ಕೆ ಬರ್ಲಿಲ್ಲ."

ಹೊರಗೆ ಕಾರಿನ ಹಾರನ್ನು ಕೇಳಿಸಿತು. ಅತ್ತಿಗೆ ಒಳಗೆ ಹೋಗಿ ಎರಡು ಕಡುಬು, ಒಂದು ಬಾಳೆಲೆ, ಒಂದೆಳೆ ನಾರು ತಂದರು. ಅಣ್ಣ ಎಡಗೈಯಲ್ಲಿ ಎಲೆ ಮಡಚಿ ಹಿಡಿದುಕೊಂಡ. ಗಂಟು ನಾನು ಹಾಕಿದೆ.